ಅತ್ತೆಯ ಮೂರು ಮಡಕೆ, ಮೂರು ಬತ್ತಿ

ಅತ್ತೆಯನ್ನು ಹೊಗಳುವ ಸೊಸೆಯ ಮಾತನ್ನು ಯಾರೂ ನಂಬುವುದಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಮದುವೆಯಾದ ಮೊದಲೆರಡು ವರ್ಷ ನನಗೂ ನನ್ನ ಅತ್ತೆಗೂ ಎಣ್ಣೆ ಸೀಗೆಕಾಯಿ. ನಾನು ಲೋಯರ್ ಸೆಕೆಂಡರಿ ಮುಗಿಸಿದವಳು, ಅವರು ಹೆಬ್ಬೆಟ್ಟು. ಆ ಮನೆಯಲ್ಲಿ ಕಾಗದ ಬಂದರೆ ಓದುವವಳು ನಾನೊಬ್ಬಳೇ ಎಂಬ ಜಂಭ ನನಗಿತ್ತು. ಆ ಜಂಭಕ್ಕೆ ಅವರು ಮೂರು ಕಾಸಿನ ಬೆಲೆ ಕೊಡುತ್ತಿರಲಿಲ್ಲ ಎಂಬ ಸಿಟ್ಟೂ ಇತ್ತು.

ಯುದ್ಧದ ಕಾಲ. ಸೀಮೆಎಣ್ಣೆ, ಸಕ್ಕರೆ ಎಲ್ಲಕ್ಕೂ ಕಾರ್ಡು. ನನ್ನ ಗಂಡನ ಊರು ದೊಡ್ಡಬೆಳವಂಗಲದಿಂದ ಎರಡು ಮೈಲಿ ಒಳಗೆ. ತವರು ಶಿವಗಂಗೆ ಬೆಟ್ಟದ ಬುಡದಲ್ಲಿ, ಎತ್ತಿನ ಗಾಡಿಯಲ್ಲಿ ಒಂದು ಹಗಲಿನ ದಾರಿ. ತವರಲ್ಲಿ ನಾವು ಕುಡಿಯುತ್ತಿದ್ದುದು ಹಳ್ಳದ ಮರಳು ತೋಡಿದರೆ ಜಿನುಗುವ ಒರತೆಯ ನೀರು. ನಾನು ಅದನ್ನು ಹೇಳಿದ ದಿನವೇ ಅತ್ತೆ ಮೂಗು ಮುರಿದರು.

"ಹಳ್ಳದ ನೀರ್ ಕುಡ್ದು ಬೆಳ್ದೋಳು. ನಿಂಗೇನವ್ವಾ ಗೊತ್ತು ನೀರಿನ ರುಚಿ?"

ಅವರು ಹಾಗೆ ಹೇಳಲು ಕಾರಣವಿತ್ತು. ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಒಂದು ಮರದ ಚೌಕಟ್ಟು, ಅದರಲ್ಲಿ ಒಂದರ ಮೇಲೊಂದು ಮೂರು ಮಡಕೆ. ಮೇಲಿನ ಎರಡಕ್ಕೆ ತಳದಲ್ಲಿ ಸಣ್ಣ ತೂತು, ತೂತಿಗೆ ಬಟ್ಟೆಯ ಚೂರು. ಮೇಲಿನದರಲ್ಲಿ ತೆಂಗಿನ ಚಿಪ್ಪು ಸುಟ್ಟು ಕುಟ್ಟಿದ ಇದ್ದಿಲು, ನಡುವಿನದರಲ್ಲಿ ಏಳು ಸಲ ತೊಳೆದ ಮರಳು, ಕೆಳಗಿನದರಲ್ಲಿ ತೊಟ್ಟಿಕ್ಕಿ ತುಂಬಿದ ನೀರು. ಹಿತ್ತಲಿನ ಬಾವಿಯ ನೀರನ್ನು ಹೀಗೆ ಸೋಸಿ, ಆಮೇಲೆ ಕುದಿಸಿ ಕುಡಿಯುವುದು ಆ ಮನೆಯ ಕಟ್ಟುಪಾಡು. ಹಿಂದೊಮ್ಮೆ ವಾಂತಿಭೇದಿ ಬಂದಾಗ ಅವರ ಎರಡು ಮಕ್ಕಳು ಒಂದೇ ವಾರದಲ್ಲಿ ಹೋಗಿದ್ದವು. ಉಳಿದವರು ನನ್ನ ಗಂಡ ಒಬ್ಬರೇ. ಅಂದಿನಿಂದ ಆ ಮೂರು ಮಡಕೆ ಅವರಿಗೆ ದೇವರಮನೆಯ ಹಾಗೆ. ನಮ್ಮ ಬೀದಿಯಲ್ಲಿ ಆಮೇಲೆ ವಾಂತಿಭೇದಿಗೆ ಒಂದು ಜೀವವೂ ಹೋಗಲಿಲ್ಲ ಎಂದು ಊರೇ ಹೇಳುತ್ತಿತ್ತು, ಅದು ನಿಜವೂ ಹೌದು.

ಬೀದಿಯಲ್ಲಿ ಯಾರೇ ಬಾಣಂತಿಯಾಗಲಿ, ಅವಳಿಗೂ ಕೂಸಿಗೂ ನೀರು ನಮ್ಮ ಮನೆಯದು. ಅತ್ತೆ ತಾವೇ ತಂಬಿಗೆಯಲ್ಲಿ ಹೊತ್ತುಕೊಂಡು ಹೋಗಿ ಕೊಡುತ್ತಿದ್ದರು. ಅದೂ ಬರಿದೇ ಕುದಿಸಿದ ನೀರಲ್ಲ. ನಾಲ್ಕು ಸೇರು ನೀರನ್ನು ಎರಡು ಸೇರಿಗೆ ಇಂಗಿಸಿದ ನೀರು. ಎಷ್ಟು ಇಂಗಿದರೆ ಅಷ್ಟು ಶುದ್ಧ, ಎಳೆಗೂಸಿಗೆ ಅಷ್ಟು ಹಗುರ ಎಂಬುದು ಅವರ ಲೆಕ್ಕ, ಆ ಸೀಮೆಯ ಎಲ್ಲ ಹೆಂಗಸರ ಲೆಕ್ಕವೂ ಅದೇ. ಎದುರುಮನೆಯವಳು ನನ್ನ ಹೆರಿಗೆಯ ಹಿಂದಿನ ವರ್ಷ ಬಾಣಂತಿಯಾಗಿದ್ದಳು. ಎದೆಹಾಲು ಸಾಲದೆ ಹಸುವಿನ ಹಾಲಿಗೆ ಈ ನೀರು ಬೆರೆಸಿ ಕುಡಿಸುತ್ತಿದ್ದಳು. ಎರಡು ತಿಂಗಳಿಗೆ ಕೂಸು ಕಪ್ಪಿಟ್ಟು ತೀರಿಹೋಯಿತು. ಬಾಲಗ್ರಹ ಎಂದರು. ಅವಳು ಮಾತ್ರ ಕೊನೆಯವರೆಗೆ ನೀರು ಹೊತ್ತು ತಂದರಲ್ಲ ಎಂದು ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿದ್ದಳಂತೆ.

ಬಾವಿಯನ್ನು ತೋಡಿಸಿದವರು ನನ್ನ ಮಾವ. ನಾನು ಆ ಮನೆಗೆ ಕಾಲಿಡುವ ಮೊದಲೇ ಅವರು ತೀರಿಕೊಂಡಿದ್ದರು. ಬೇಸಗೆಯಲ್ಲೂ ಬತ್ತದ ಬಾವಿ, ದನದ ಕೊಟ್ಟಿಗೆಯಿಂದ ಹತ್ತೇ ಹೆಜ್ಜೆ, ಅದರ ಆಚೆಗೆ ತಿಪ್ಪೆ. ದನಕ್ಕೆ ನೀರು ಸೇದಿ ಹಾಕಲು ಅನುಕೂಲ ಎಂದು ಅಲ್ಲಿ ತೋಡಿಸಿದ್ದರು. ಆ ನೀರು ಬಿದ್ದ ಕಡೆ ದಂಟಿನ ಸೊಪ್ಪು ತೋಳುದ್ದ ಬೆಳೆಯುತ್ತಿತ್ತು. "ನೋಡು ನಮ್ ನೀರಿನ ಕಸುವ" ಎಂದು ಅತ್ತೆ ಬಂದವರಿಗೆಲ್ಲ ದಂಟನ್ನು ತೋರಿಸುತ್ತಿದ್ದರು. ಆ ಕಸುವು ಎಲ್ಲಿಂದ ಬಂತು ಎಂದು ಕೇಳುವ ಬುದ್ಧಿ ಓದಿದ ನನಗೂ ಬರಲಿಲ್ಲ.

ಚೊಚ್ಚಲ ಹೆರಿಗೆ ತವರಲ್ಲಿ ಆಯಿತು. ಹೆಣ್ಣುಮಗು. ನನಗೆ ಮೊಲೆಬಾವು ಬಂದು ತಿಂಗಳು ತುಂಬುವ ಮೊದಲೇ ಹಾಲು ಬತ್ತಿತು. ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಕುಡಿಸಿದೆವು. ಆ ಪುಟ್ಟ ಮೂತಿಯ ಬೆಳ್ಳಿ ಒಳಲೆ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಮೂರು ತಿಂಗಳಿಗೆ ಮಗು ದುಂಡಗೆ, ಕೆಂಪಗೆ ನನ್ನ ಗಂಡನ ಮನೆಗೆ ಬಂತು. ಅತ್ತೆ ಬಾಗಿಲ ಬೆಳಕಿಗೆ ಎತ್ತಿ ಹಿಡಿದು ಒಂದೊಂದೇ ಬೆರಳಿನ ಉಗುರು ನೋಡಿದರು. ಮಕ್ಕಳ ಆರೋಗ್ಯ ಉಗುರಿನಲ್ಲಿ ಕಾಣುತ್ತದೆ ಎಂದು ಅವರ ನಂಬಿಕೆ. ದಿನಾ ಬೆಳಿಗ್ಗೆ ಅದೇ ಕೆಲಸ.

ಹತ್ತು ದಿನವಾಗಿರಬೇಕು. ಒಂದು ಬೆಳಿಗ್ಗೆ ಅವರು ಉಗುರು ನೋಡುತ್ತ ನೋಡುತ್ತ ನನ್ನನ್ನು ಕೂಗಿದರು. ನಾನು ಹೋಗಿ ನೋಡಿದೆ. ಉಗುರು ನೇರಳೆ ಹಣ್ಣಿನ ರಸ ತಾಗಿದ ಹಾಗಿತ್ತು. ತುಟಿಯ ಸುತ್ತ ಬೂದಿ ಬಣ್ಣ. ಅಳಲೂ ತ್ರಾಣವಿಲ್ಲದೆ ಮಗು ಏದುಸಿರು ಬಿಡುತ್ತಿತ್ತು.

ದೊಡ್ಡಬಳ್ಳಾಪುರದ ಡಾಕ್ಟರೊಬ್ಬರ ಹತ್ತಿರ ಗಾಡಿ ಕಟ್ಟಿಕೊಂಡು ಹೋದೆವು. ಅವರು ಒಳ್ಳೆಯವರು, ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. "ಹುಟ್ಟಿದಾಗಲೇ ಹೃದಯದಲ್ಲಿ ದೋಷ ಇದ್ದಿರಬಹುದಮ್ಮ. ಇದಕ್ಕೆ ನಮ್ಮಲ್ಲಿ ಔಷಧಿ ಇಲ್ಲ" ಎಂದರು. ಆ ಕಾಲದಲ್ಲಿ ಅದಕ್ಕಿಂತ ಹೆಚ್ಚಿಗೆ ಯಾರೂ ಹೇಳುತ್ತಿರಲಿಲ್ಲ, ಅವರನ್ನು ದೂರುವುದಿಲ್ಲ. ಸಾಯುವುದಾದರೆ ನನ್ನ ತಾಯಿಯ ಕಣ್ಣೆದುರು ಸಾಯಲಿ ಎಂದು ಹಟ ಹಿಡಿದು ನಾನು ಮಗುವನ್ನು ಕಟ್ಟಿಕೊಂಡು ತವರಿಗೆ ಹೊರಟೆ.

ತವರಿಗೆ ಹೋದ ನಾಲ್ಕನೆಯ ದಿನ ಮಗು ನಕ್ಕಿತು. ವಾರಕ್ಕೆ ಉಗುರು ಕೆಂಪಾಯಿತು. ಸಂತೋಷದ ಜೊತೆಗೆ ನನ್ನ ತಲೆಯಲ್ಲಿ ಒಂದು ಕೆಟ್ಟ ಯೋಚನೆಯೂ ಹೊಕ್ಕಿತು. ಆ ಮನೆಯಲ್ಲಿ ದಿನಾ ಬೆಳಿಗ್ಗೆ ಮಗುವನ್ನು ಎತ್ತಿ ಹಿಡಿದು ನೋಡುವ ಕಣ್ಣು ಯಾರದು? ದೃಷ್ಟಿ ಅಲ್ಲಿಂದಲೇ ತಾಗಿರಬೇಕು. ಇದನ್ನು ನಾನು ಬಾಯಿಬಿಟ್ಟು ಹೇಳಿದೆ, ತವರಿನಲ್ಲಿ ಮಾತ್ರವಲ್ಲ, ಕರೆದುಕೊಂಡು ಹೋಗಲು ಬಂದ ಗಂಡನ ಹತ್ತಿರವೂ. ಆ ಮಾತು ಅತ್ತೆಯ ಕಿವಿಗೆ ಬಿದ್ದೇ ಬಿತ್ತು. ಮತ್ತೆ ಆ ಮನೆಗೆ ಹೋದಾಗ ಅವರು ಮಗುವಿನ ಹತ್ತಿರ ಬರಲಿಲ್ಲ. ದೂರ ನಿಂತು, "ನೀನೇ ಉಗುರ್ ನೋಡಿ ಹೇಳು ಮಗಾ" ಎಂದರು. ಓದಿದವಳು ಆಡಿದ ಮಾತು ಅದು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಈ ಸಲ ಅವರು ಹಿಂದಿನ ಎರಡರಷ್ಟು ಎಚ್ಚರ ವಹಿಸಿದರು. ಹೊಸ ಇದ್ದಿಲು ಹಾಕಿದರು, ಮರಳು ಬದಲಿಸಿದರು, ನೀರನ್ನು ಎರಡು ಸಲ ಸೋಸಿದರು. ನಾಲ್ಕು ಸೇರನ್ನು ಎರಡಕ್ಕಲ್ಲ, ಒಂದೇ ಸೇರಿಗೆ ಇಂಗಿಸಿದರು. ಐದೇ ದಿನಕ್ಕೆ ಮಗು ಮೊದಲಿಗಿಂತ ಕಪ್ಪಾಯಿತು. ಉಗುರು ಕತ್ತರಿಸುವಾಗ ಚೂರು ಗೀರಿ ರಕ್ತ ಬಂತು. ಕೆಂಪಗಿರಲಿಲ್ಲ, ಕಾಫಿ ಕಷಾಯದ ಹಾಗೆ ಕಂದಾಗಿತ್ತು. ನಾನು ಗೋಳೋ ಎಂದು ಅತ್ತುಬಿಟ್ಟೆ. ಡಾಕ್ಟರು ಹೇಳಿದ್ದೇ ನಿಜ, ಗುಂಡಿಗೆಯ ರೋಗ, ಇನ್ನು ಆಸೆ ಬಿಡಬೇಕು ಎಂದೆ.

ಅತ್ತೆ ಅಳಲಿಲ್ಲ. ಕಂಬಕ್ಕೆ ಒರಗಿ ನಿಂತು ಕೇಳಿದರು.

"ನೀನು ಓದಿದೋಳು, ಹೇಳು. ಗುಂಡ್ಗೆ ರೋಗ ಆದ್ರೆ, ಶಿವಗಂಗೆಗೆ ಹೋದಾಗ ಮಗು ಗುಂಡ್ಗೇನ ಇಲ್ಲೇ ಬಿಟ್ಟು ಹೋಗಿತ್ತಾ?"

ಅವರೇ ಮುಂದುವರಿಸಿದರು. "ಅಲ್ಲಿ ಹಸ ಬೇರೆ, ನೀರು ಬೇರೆ, ಕಣ್ಣೂ ಬೇರೆ. ಕಣ್ಣು ನಾನು ಆಗ್ಲೇ ದೂರ ಇಟ್ಟಿದೀನಿ. ಹಸೀನ ಬದ್ಲಾಯಿಸ್ತೀನಿ." ಅಂದೇ ಮೇಲಿನ ಬೀದಿಯಿಂದ ಬೇರೆ ಹಸುವಿನ ಹಾಲು ತಂದರು. ಎರಡು ದಿನ ಅದನ್ನೇ ಕುಡಿಸಿದೆವು. ಏನೂ ಬದಲಾಗಲಿಲ್ಲ. ಉಳಿದದ್ದು ನೀರು. ಆದರೆ ತಮ್ಮ ನೀರನ್ನು ಅವರು ಹೇಗೆ ತಾನೇ ಅನುಮಾನಿಸಿಯಾರು? ಎರಡು ಮಕ್ಕಳನ್ನು ಮಣ್ಣಿಗಿಟ್ಟು ಕಲಿತ ನೀರು ಅದು.

ಮೂರನೆಯ ಬೆಳಿಗ್ಗೆ ಒಲೆಯ ಮೇಲೆ ನೀರು ಇಂಗುತ್ತಿತ್ತು. ಮಗು ಬಿಕ್ಕುವುದನ್ನು ಕೇಳಿ ಅತ್ತೆ ಓಡಿ ಬಂದರು, ನಾವಿಬ್ಬರೂ ಪಾತ್ರೆಯನ್ನು ಮರೆತೆವು. ನೆನಪಾಗಿ ಹೋಗಿ ಇಳಿಸುವ ಹೊತ್ತಿಗೆ ತಳದಲ್ಲಿ ಒಂದು ಹಿಡಿ ಗಂಜಿಯಂಥ ನೀರು ಉಳಿದಿತ್ತು, ಅಂಚಿಗೆಲ್ಲ ಬಿಳಿ ಪೊರೆ ಕಟ್ಟಿತ್ತು. ಅತ್ತೆ ಸಿಟ್ಟಿನಿಂದ ಅದನ್ನು ಬಗ್ಗಿಸಿದಾಗ ಸ್ವಲ್ಪ ಒಲೆಯ ಬಾಯಿಯ ಕೆಂಡದ ಮೇಲೆ ಚೆಲ್ಲಿತು. ಕೆಂಡ ಮೊದಲು ಕಪ್ಪಾಯಿತು. ಒಣಗಿದ ಮೇಲೆ ಒಮ್ಮೆಲೇ ಸುಯ್ಯೆಂದು ಕಿಡಿ ಹಾರಿಸಿ ಬೆಳ್ಳಗೆ ಉರಿಯಿತು. ಅತ್ತೆ ಪಾತ್ರೆ ಹಿಡಿದುಕೊಂಡೇ ನಿಂತುಬಿಟ್ಟರು.

"ಇದು ಪೆಟ್ಲುಪ್ಪು ಕಣವ್ವಾ" ಎಂದರು.

ಅವರ ತವರಿನಲ್ಲಿ ಜಾತ್ರೆಗಳಿಗೆ ಬಾಣ ಬಿರುಸು ಕಟ್ಟುವವನೊಬ್ಬನಿದ್ದನಂತೆ. ಅವನು ಹಳೆಯ ಕೊಟ್ಟಿಗೆಗಳ ಗೋಡೆಯಿಂದ, ಗಂಜಳ ಇಂಗಿದ ಮಣ್ಣಿನಿಂದ ಬಿಳಿಯ ಉಪ್ಪು ಕೆರೆದು, ಬೂದಿ ಬೆರೆಸಿ ಕುದಿಸಿ ಪೆಟ್ಲುಪ್ಪು ತೆಗೆಯುತ್ತಿದ್ದನಂತೆ. ಮದ್ದಿಗೆ ಬೆಂಕಿಯ ಕಸುವು ಕೊಡುವುದು ಅದೇ. ಉಪ್ಪು ಗಟ್ಟಿಯಾಗಿದೆಯೋ ಇಲ್ಲವೋ ಎಂದು ನೋಡಲು ಬಟ್ಟೆಯ ಬತ್ತಿ ಅದ್ದಿ ಒಣಗಿಸಿ ಕೆಂಡ ತಾಗಿಸುತ್ತಿದ್ದ. ಬತ್ತಿ ಸುಮ್ಮನೆ ಕರಕಲಾದರೆ ಉಪ್ಪಿಲ್ಲ, ಊದದೆ ತಾನೇ ಕಿಡಿ ಸುರಿಸುತ್ತ ಓಡಿದರೆ ಉಪ್ಪಿದೆ. ಎಂಟು ಹತ್ತು ವರ್ಷದ ಹುಡುಗಿಯಾಗಿ ಅವರು ಅದನ್ನು ನೋಡುತ್ತ ಕೂತಿರುತ್ತಿದ್ದರು.

ಆಮೇಲೆ ಅವರು ಮಾಡಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಮೊದಲು ನನ್ನ ಗಂಡನನ್ನು ಊರಾಚೆಯ ಬಂಡೆಬಾವಿಗೆ ಕಳಿಸಿ ಎರಡು ಬಿಂದಿಗೆ ನೀರು ತರಿಸಿದರು. ಅದು ಬಂಡೆಗಳ ನಡುವಿನ ಸಣ್ಣ ಬಾವಿ, ಅರ್ಧ ಮೈಲಿ ದೂರ, ಮೆಟ್ಟಿಲು ಕಡಿದಾದ್ದರಿಂದ ದನ ಆ ಕಡೆ ಹೋಗದು. ಒಂದು ಬಿಂದಿಗೆಯ ನೀರನ್ನು ಬರಿದೇ ಒಂದು ಕುದಿ ಬರಿಸಿ, ಮಗುವಿನ ಹಾಲಿಗೆ ಇನ್ನು ಇದೇ ಎಂದರು. ಆಮೇಲೆ ಮೂರು ಪಾತ್ರೆಯಲ್ಲಿ ಸಮಸಮ ನೀರು ಅಳೆದು ಒಲೆಗಿಟ್ಟರು. ಒಂದು ಬಂಡೆಬಾವಿಯದು, ಒಂದು ನಮ್ಮ ಬಾವಿಯಿಂದ ಆಗಷ್ಟೇ ಸೇದಿದ್ದು, ಒಂದು ನಮ್ಮ ಮೂರು ಮಡಕೆಯಲ್ಲಿ ಸೋಸಿದ್ದು. ಮೂರನ್ನೂ ಒಂದೊಂದು ಬೊಗಸೆಗೆ ಇಂಗಿಸಿದರು. ಹಳೆಯ ಪಂಚೆಯ ಅಂಚು ಹರಿದು ಮೂರು ಬತ್ತಿ ಹೊಸೆದು, ಒಂದೊಂದರಲ್ಲಿ ಒಂದೊಂದು ಅದ್ದಿ ಬಿಸಿಲಿಗೆ ಹಾಕಿದರು. ಶಿವರಾತ್ರಿ ಕಳೆದ ಬಿಸಿಲು, ಮಧ್ಯಾಹ್ನದೊಳಗೆ ಗರಿಗರಿಯಾದವು. ಯಾವುದು ಯಾವ ನೀರಿನದು ಎಂದು ಮರೆಯದಿರಲು ಒಂದಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಮೂರು ಗಂಟು ಹಾಕಿದ್ದರು.

ಹಜಾರದಲ್ಲಿ ಕೂತು, ಇಕ್ಕಳದಲ್ಲಿ ಕೆಂಡ ಹಿಡಿದು, ಮೊದಲು ಬಂಡೆಬಾವಿಯದಕ್ಕೆ ತಾಗಿಸಿದರು. ಬತ್ತಿ ಕಮರಿತು, ಹೊಗೆಯಾಡಿತು, ಆರಿತು. ನಮ್ಮ ಬಾವಿಯದಕ್ಕೆ ತಾಗಿಸಿದರು. ಬೆಂಕಿ ಸುಯ್ಯನೆ ಓಡಿ ಗಂಟಿನವರೆಗೂ ಹೋಯಿತು. ಸೋಸಿದ ನೀರಿನದಕ್ಕೆ ತಾಗಿಸಿದರು. ಅದೂ ಹಾಗೆಯೇ ಓಡಿತು. ಒಂದು ಎಳೆಯಷ್ಟೂ ವ್ಯತ್ಯಾಸವಿಲ್ಲ. ಅಷ್ಟು ವರ್ಷ ಕುಟ್ಟಿದ ಇದ್ದಿಲು, ತೊಳೆದ ಮರಳು ಆ ಉಪ್ಪಿನ ಒಂದು ಹರಳನ್ನೂ ಹಿಡಿದಿರಲಿಲ್ಲ.

"ಕುದ್ಸಿದ್ರೆ ನೀರ್ ಹೋಗ್ತದೆ, ಉಪ್ ಹೋಗಲ್ಲ" ಎಂದು ಅವರು ನಿಧಾನವಾಗಿ ಹೇಳಿದರು. "ನಾನು ಇಂಗಿಸ್ದಷ್ಟೂ ಮಗೀಗೆ ಗಟ್ಟಿ ಮಾಡಿ ಕುಡಿಸ್ದೆ."

ಬಂಡೆಬಾವಿಯ ನೀರು ಕುಡಿದ ಮಗು ಮೂರು ದಿನಕ್ಕೆ ಬಣ್ಣ ತಿರುಗಿತು. ನಾನು ಮಗುವನ್ನು ತಂದು ಅವರ ಮಡಿಲಿಗೆ ಹಾಕಿ, "ಅತ್ತಮ್ಮ, ಉಗುರು ನೀವೇ ನೋಡಿ" ಎಂದೆ. ಅವರು ನೋಡಿದರು. ನಾನು ಕ್ಷಮೆ ಕೇಳಿದೆನೆಂದು ಬೇರೆ ಹೇಳಬೇಕಿಲ್ಲ.

ಇಲ್ಲಿಗೆ ಮುಗಿದಿದ್ದರೆ ಇದು ಜಾಣ ಮುದುಕಿಯ ಕಥೆ ಆಗುತ್ತಿತ್ತು ಅಷ್ಟೆ. ಆದರೆ ಅತ್ತೆಗೆ ತಮ್ಮ ಮಡಕೆಗಳನ್ನು ಬಿಡಲು ಮನಸ್ಸಾಗಲಿಲ್ಲ. ವಾಸನೆ ಹಿಡಿಯುವ ಇದ್ದಿಲು, ಬಣ್ಣ ಹಿಡಿಯುವ ಇದ್ದಿಲು ಇದನ್ನೊಂದು ಹಿಡಿಯಲಾರದೇ? ಬೀದಿಯವರಿಗೆಲ್ಲ, "ಮಡಕೆ ಒಡ್ದೋಗೈತೆ, ಹೊಸ್ದು ಬರ್ಲಿ" ಎಂದು ಸುಳ್ಳು ಹೇಳಿ ನೀರು ಕೊಡುವುದನ್ನು ನಿಲ್ಲಿಸಿದರು. ಸುಮಾರು ಹದಿನೈದು ದಿನ ನಮ್ಮ ಹಿತ್ತಲು ಬಾಣದವನ ಅಂಗಳವಾಯಿತು. ಹುಣಸೆ ಮರದ ಇದ್ದಿಲು ಹಾಕಿದರು, ಹೆಂಚಿನ ಪುಡಿ ಹಾಕಿದರು, ಕೆಮ್ಮಣ್ಣು ಹಾಕಿದರು. ದಿನಾ ಬತ್ತಿ ಹೊಸೆಯುವುದು ನನ್ನ ಕೆಲಸ. ಎಲ್ಲವೂ ಓಡಿದವು. ರಾಗಿ ಹೊಟ್ಟು ಸುಟ್ಟ ಬೂದಿ ಹಾಕಿದ ದಿನವಂತೂ ಬತ್ತಿ ಇನ್ನಷ್ಟು ಚೆನ್ನಾಗಿ ಕಿಡಿ ಕಾರಿತು. ಅಂದು ಅತ್ತೆ ನಕ್ಕುಬಿಟ್ಟರು. "ಅಯ್ಯೋ, ಅವ್ನೂ ಬೂದಿ ಬೆರೆಸ್ತಿದ್ದ. ನಾನು ಅವ್ನ ಕಸುಬೇ ಮಾಡ್ತಾ ಕೂತಿದೀನಿ."

ಕೊನೆಗೆ ಚಿಪ್ಪಿನ ಇದ್ದಿಲನ್ನು ಹುಣಸೆ ಹುಳಿಯಲ್ಲಿ ನೆನೆಹಾಕಿ, ಮತ್ತೆ ಸುಟ್ಟು ತುಂಬಿದರು. ಮೊದಲ ಬಿಂದಿಗೆಯ ನೀರಿನ ಬತ್ತಿ ಸ್ವಲ್ಪ ತಡೆತಡೆದು ಉರಿದಂತೆ ಕಂಡಿತು. ಕಂಡಿತೋ, ಕಾಣಲಿ ಎಂದು ನಾವು ಬಯಸಿದೆವೋ ಇಂದಿಗೂ ಹೇಳಲಾರೆ. ಎರಡನೆಯ ಬಿಂದಿಗೆಗೆ ಮತ್ತೆ ಅದೇ ಓಟ. ಅತ್ತೆ ಇದ್ದಿಲನ್ನು ಕೈಯಲ್ಲಿ ಹಿಡಿದು, "ಇದ್ರ ಹೊಟ್ಟೆ ಸಣ್ದು. ತುಂಬ್ಹೋಯ್ತು" ಎಂದರು.

ಅಂದು ಕಪ್ಪಿಟ್ಟಿದ್ದ ಆ ಮಗಳೇ ಮುಂದೆ ಬೆಂಗಳೂರಿನಲ್ಲಿ ರಸಾಯನಶಾಸ್ತ್ರ ಓದಿದಳು. ಆ ಉಪ್ಪಿಗೆ ನೈಟ್ರೇಟ್ ಎಂಬ ಹೆಸರು ತಂದುಕೊಟ್ಟವಳು ಅವಳೇ. ದೊಡ್ಡವರಿಗೆ ಅದು ಅಷ್ಟಾಗಿ ತಾಗುವುದಿಲ್ಲ, ಎಳೆಗೂಸಿನ ರಕ್ತವನ್ನು ಮಾತ್ರ ಕಂದಾಗಿಸಿ ಉಸಿರು ಕಟ್ಟಿಸುತ್ತದೆ ಎಂದಳು. ಇದ್ದಿಲು ವಾಸನೆ, ಬಣ್ಣಗಳನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ, ನೈಟ್ರೇಟ್ ಮಾತ್ರ ನೀರಿನ ಜೊತೆಗೆ ಜಾರಿಹೋಗುತ್ತದೆ, ಅದನ್ನು ಹಿಡಿಯಲು ಬೇರೆಯೇ ಹದ ಮಾಡಿದ ವಸ್ತು ಬೇಕು, ಅಂಥವು ಈಗ ಇವೆ, ಅವೂ ತುಂಬಿದಾಗ ತೊಳೆದು ಮತ್ತೆ ಹದ ಮಾಡಬೇಕು ಎಂದು ವಿವರಿಸಿದಳು. ಮೂರು ಬತ್ತಿಯ ವಿಷಯ ಹೇಳಿದಾಗ "ಅಜ್ಜಿ ತನ್ನ ನೀರನ್ನ ತಾನೇ ಪರೀಕ್ಷೆಗೆ ಇಟ್ಟರಲ್ಲಮ್ಮ. ನಮ್ಮಲ್ಲಿ ದೊಡ್ಡದೊಡ್ಡವರು ಅದನ್ನ ಮಾಡಲ್ಲ" ಎಂದಳು. ನಾನು ಹೇಳಬೇಕೆಂದಿದ್ದ ಮಾತು ಅದು, ಅವಳು ಹೇಳಿದಳು.

ಆ ಹದಿನೈದು ದಿನ ಮುಗಿದ ಮೇಲೆ ಒಂದು ಬೆಳಿಗ್ಗೆ ಎದುರುಮನೆಯವಳು ಖಾಲಿ ಬಿಂದಿಗೆ ಹಿಡಿದು ನಮ್ಮ ಮೆಟ್ಟಿಲ ಮೇಲೆ ನಿಂತಳು. ಮತ್ತೆ ಐದು ತಿಂಗಳ ಬಸುರಿ.

"ದೊಡ್ಡವ್ವ, ಹೊಸ ಮಡ್ಕೆ ಯಾವಾಗ ಬತ್ತದೆ? ಈ ಸಲ ಮೊದ್ಲಿಂದ್ಲೇ ನಿಮ್ಮ ನೀರೇ ಕುಡೀಬೇಕು ಅಂತಿದೀನಿ."

ಅತ್ತೆ ನಾಳೆ ಹೇಳುತ್ತೇನೆಂದು ಅವಳನ್ನು ಕಳಿಸಿ ಒಳಗೆ ಬಂದರು. ಸೆರಗಿನಿಂದ ಮುಖ ಒರೆಸಿಕೊಂಡು ಕೂತರು. ಅವರ ಮನಸ್ಸಿನಲ್ಲಿ ಏನಿದೆ ಎಂದು ನನಗೆ ತಿಳಿಯಿತು. "ಬೇಡ ಅತ್ತಮ್ಮ" ಎಂದೆ. "ಬಂಡೆಬಾವಿ ನೀರು ಒಳ್ಳೇದು, ಅದನ್ನೇ ಕುಡಿ ಅಂತ ಹೇಳಿದರೆ ಸಾಕು. ಹೋದ ಕೂಸಿನ ಮಾತು ಎತ್ತಬೇಡಿ. ಅದು ಯಾರಿಗೂ ಗೊತ್ತಾಗೋದಿಲ್ಲ."

"ಅರ್ಧ ಮೈಲಿ ಹೋಗಿ ಆ ಮೆಟ್ಲಿಳಿದು ನೀರ್ ತತ್ತಾಳಾ, ಬಸ್ರಿ, ಸುಮ್ನೆ ಒಳ್ಳೇದು ಅಂದ್ರೆ? ಹಿತ್ಲಲ್ಲಿ ನಮ್ ಬಾವಿ ಇರೋವಾಗ?" ಎಂದರು ಅತ್ತೆ. "ಯಾಕೆ ಅಂತ ಹೇಳ್ದೆ ಹೋದ್ರೆ ನಾಕು ದಿನಕ್ಕೆ ಮತ್ತೆ ಇಲ್ಲೇ ಬಂದು ಸೇದ್ತಾಳೆ."

ಅವರು ಎದ್ದು ಬೀದಿ ದಾಟಿದರು. ನಾನೂ ಹಿಂದೆ ಹೋದೆ. ಎದುರುಮನೆಯವಳು ರಾಗಿ ಕೇರುತ್ತಿದ್ದಳು. ಅತ್ತೆ ಕೂರಲಿಲ್ಲ. ಸುತ್ತಿ ಬಳಸಲೂ ಇಲ್ಲ. "ನಿನ್ನ ಕೂಸು ಹೋಗಿದ್ದು ಗ್ರಹದಿಂದ ಅಲ್ಲ ಮಗಾ. ನಾನು ಕೊಟ್ಟ ನೀರಿಂದ. ನನ್ ಮೊಮ್ಮಗ್ಳಿಗೂ ಅದೇ ಆಗಿತ್ತು, ನೀರ್ ಬಿಡಿಸ್ದೆ, ಉಳೀತು. ನಂಗೆ ಗೊತ್ತಿರ್ಲಿಲ್ಲ. ಗೊತ್ತಾದ್ಮೇಲೂ ಹದ್ನೈದು ದಿನ ಮಡ್ಕೆ ಒಡ್ದೈತೆ ಅಂತ ಸುಳ್ಳು ಹೇಳ್ದೆ."

ಮೊರ ಅವಳ ಕೈಯಲ್ಲೇ ನಿಂತಿತು. ಅವಳು ಮೊರ ಕೆಳಗಿಟ್ಟು ಒಳಗೆ ಹೋಗಿ ಕದ ಹಾಕಿಕೊಂಡಳು. ಅತ್ತೆ ಅಲ್ಲಿಂದ ಮುಂದಿನ ಮನೆಗೆ ಹೋದರು, ಅದರ ಮುಂದಿನ ಮನೆಗೂ. ನೀರು ಕೊಟ್ಟ ಒಂದೊಂದು ಮನೆಗೂ ಹೋಗಿ ಅದೇ ಮಾತು ಹೇಳಿದರು. ಕೆಲವರು ನಂಬಲಿಲ್ಲ. ಒಬ್ಬಳು, ಇಷ್ಟು ವರ್ಷ ವಿಷ ಹಾಕಿದೆಯಾ ಎಂದು ಬಾಯಿಗೆ ಬಂದಂತೆ ಆಡಿದಳು. ಅತ್ತೆ ತಲೆ ತಗ್ಗಿಸಿ ಕೇಳಿಸಿಕೊಂಡರು. ಯಾರ ಮಾತಿಗೂ ಸೊಪ್ಪು ಹಾಕದ ಹೆಂಗಸು ಅದು. ಆ ದಿನ ನಾನು ಅವರ ಹಿಂದೆ ನಡೆದದ್ದು ನನ್ನ ಜೀವಮಾನದ ಪುಣ್ಯ ಎಂದು ತಿಳಿದಿದ್ದೇನೆ.

ನಾಲ್ಕು ತಿಂಗಳು ಎದುರುಮನೆಯ ಕದ ನಮ್ಮ ಕಡೆಗೆ ತೆರೆಯಲಿಲ್ಲ. ಅವಳಿಗೆ ಹೆರಿಗೆಯಾದ ಸುದ್ದಿ ಬಂತು, ಈ ಸಲವೂ ಎದೆಹಾಲು ಸಾಲದು ಎಂಬ ಸುದ್ದಿಯೂ ಬಂತು. ಹನ್ನೊಂದನೆಯ ದಿನ ಬೆಳಿಗ್ಗೆ ನಾನು ಬಾಗಿಲು ತೆರೆದರೆ ನಮ್ಮ ಮೆಟ್ಟಿಲ ಮೇಲೆ ಒಂದು ಬಿಂದಿಗೆ ಇತ್ತು. ಖಾಲಿ ಬಿಂದಿಗೆ, ಅವಳ ಮನೆಯದು. ಸುತ್ತ ಯಾರೂ ಇರಲಿಲ್ಲ.

ಅತ್ತೆ ಅದನ್ನು ನೋಡಿದರು. ಹುಣಸೆಹಣ್ಣು ಹಚ್ಚಿ ಉಜ್ಜಿ ತೊಳೆದು, ಸೊಂಟಕ್ಕಿಟ್ಟುಕೊಂಡು ಬಂಡೆಬಾವಿಯ ದಾರಿ ಹಿಡಿದರು. ನಾನು ತರುತ್ತೇನೆ ಎಂದರೆ ಕೊಡಲಿಲ್ಲ, ಮಗ ತರುತ್ತಾನೆ ಎಂದರೂ ಕೇಳಲಿಲ್ಲ. ಅರವತ್ತು ದಾಟಿದ ಮಂಡಿ. ತಂದು, ಒಂದೇ ಒಂದು ಕುದಿ ಬರಿಸಿ, ಆರಿಸಿ, ಎದುರುಮನೆಯ ಮೆಟ್ಟಿಲ ಮೇಲೆ ಇಟ್ಟು ಬರುತ್ತಿದ್ದರು. ಮಾರನೆಯ ಬೆಳಿಗ್ಗೆ ಬಿಂದಿಗೆ ಮತ್ತೆ ಖಾಲಿಯಾಗಿ ನಮ್ಮ ಮೆಟ್ಟಿಲ ಮೇಲಿರುತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಳೆ ಇರಲಿ, ಅಮಾವಾಸ್ಯೆ ಇರಲಿ, ಆರು ತಿಂಗಳು ಒಂದು ದಿನ ತಪ್ಪಲಿಲ್ಲ.

ಕೂಸಿಗೆ ಮೊದಲ ಅನ್ನ ಉಣಿಸುವ ದಿನ ಎದುರುಮನೆಯವಳು ಅದನ್ನು ಎತ್ತಿಕೊಂಡು ಬೀದಿ ದಾಟಿ ಬಂದಳು. ಅತ್ತೆ ಹಜಾರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅವಳು ಕೂಸನ್ನು ಅವರ ಮಡಿಲಿಗೆ ಹಾಕಿ, "ಉಗುರು ನೋಡಿ ದೊಡ್ಡವ್ವ" ಎಂದಳು.

ಅತ್ತೆ ಕೂಸನ್ನು ಬಾಗಿಲ ಬೆಳಕಿಗೆ ತಿರುಗಿಸಿದರು. ಒಂದೊಂದೇ ಬೆರಳು ಬಿಡಿಸಿ ನೋಡಿದರು, ಎರಡೂ ಕೈ, ಆಮೇಲೆ ಎರಡೂ ಕಾಲು. ಇಪ್ಪತ್ತು ಉಗುರನ್ನೂ ನೋಡಿ ಮುಗಿಸಿದ ಮೇಲೆ ಅವರು ಅತ್ತರು. ಆ ಎರಡು ಮಕ್ಕಳು ಹೋದಾಗಲೂ ಅವರು ಹಾಗೆ ಅತ್ತಿರಲಿಲ್ಲ ಎಂದು ನನ್ನ ಗಂಡ ಆಮೇಲೆ ಹೇಳಿದರು.